ಹಲವು ಮೂಲ, ಒಂದು ತೆರೆ

ದೂರದ ದೃಶ್ಯವನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ತೆರೆಯು ಇಂದು ಮನೆ, ಶಾಲೆ, ಆಸ್ಪತ್ರೆ, ರೈಲು ನಿಲ್ದಾಣ ಮೊದಲಾದ ಎಲ್ಲ ಕಡೆಗಳಲ್ಲಿಯೂ ಕಾಣಸಿಗುವ ವಸ್ತುವಾಗಿದೆ. ತೆರೆಯು ತಾನಾಗಿ ಯಾವ ಚಿತ್ರವನ್ನೂ ಸೃಷ್ಟಿಸಲಾರದು. ಅದಕ್ಕೆ ಚಿತ್ರವನ್ನು ಒದಗಿಸುವ ಒಂದು ಮೂಲ ಬೇಕು. ಶಾಲೆಯೊಂದರ ಸಭಾಂಗಣವನ್ನೇ ನೋಡಬಹುದು. ವಿಜ್ಞಾನದ ಪಾಠಕ್ಕೆ ಗಣಕಯಂತ್ರದ ಚಿತ್ರ ಬೇಕು. ಸೂಕ್ಷ್ಮದರ್ಶಕದ ಕೆಳಗಿನ ಜೀವಕೋಶವನ್ನು ಎಲ್ಲರಿಗೂ ತೋರಿಸಲು ಕ್ಯಾಮೆರಾದ ಚಿತ್ರ ಬೇಕು. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ದೂರದರ್ಶನದ ಚಿತ್ರ ಬೇಕು. ಮೂಲಗಳು ಮೂರು, ತೆರೆ ಒಂದೇ. ಪ್ರತಿಯೊಂದು ಸಲವೂ ಒಂದರ ತಂತಿಯನ್ನು ಕಿತ್ತು ಇನ್ನೊಂದರ ತಂತಿಯನ್ನು ಚುಚ್ಚುವುದು ಸಾಧ್ಯವಾದರೂ, ಅದರಿಂದ ಹೊತ್ತು ಹಾಳಾಗುವುದು. ತಂತಿಯ ತುದಿಗಳೂ ಸವೆದು ಕೆಡುವುವು.

ಈ ತೊಡಕನ್ನು ಪರಿಹರಿಸುವ ಸಾಧನವೇ ವಿಡಿಯೋ ಸ್ವಿಚ್ಚು. ಹಲವು ಮೂಲಗಳ ತಂತಿಗಳು ಅದರ ಒಂದು ಪಕ್ಕದಲ್ಲಿ ಬಂದು ಸೇರುತ್ತವೆ. ಇನ್ನೊಂದು ಪಕ್ಕದಿಂದ ಒಂದೇ ತಂತಿ ಹೊರಟು ತೆರೆಯನ್ನು ಮುಟ್ಟುತ್ತದೆ. ಗುಂಡಿಯೊಂದನ್ನು ಒತ್ತಿದರೆ ಬೇಕಾದ ಮೂಲದ ಚಿತ್ರ ತೆರೆಯ ಮೇಲೆ ಮೂಡುತ್ತದೆ. ರೈಲು ಹಾದಿಗಳು ಕೂಡುವ ಜಂಕ್ಷನ್ನಿನಲ್ಲಿ ಹಲವು ದಿಕ್ಕುಗಳಿಂದ ಬಂದ ಹಳಿಗಳು ಕವಲು ಹಳಿಯ ಮೂಲಕ ಒಂದೇ ಹಾದಿಗೆ ಸೇರುವುದನ್ನು ಬಹಳ ಮಂದಿ ಕಂಡಿರಬಹುದು. ಅಲ್ಲಿ ಒಂದು ಗಾಡಿಗೆ ದಾರಿ ಬಿಡುವುದೆಂದರೆ ಉಳಿದ ಗಾಡಿಗಳನ್ನು ತಡೆದು ನಿಲ್ಲಿಸುವುದೆಂದೇ ಅರ್ಥ. ವಿಡಿಯೋ ಸ್ವಿಚ್ಚಿನ ಕೆಲಸವೂ ಅಂಥದೇ. ತಂತಿಗಳನ್ನು ಕೂಡಿಸುವುದು ಅದರ ನಿಜವಾದ ಕೆಲಸವಲ್ಲ. ಒಂದನ್ನು ಆರಿಸಿ, ಉಳಿದವುಗಳನ್ನು ತಡೆಯುವುದೇ ಅದರ ಕೆಲಸ.

ಹಾಗಾದರೆ ಎಲ್ಲ ತಂತಿಗಳನ್ನೂ ಒಂದೇ ಕಡೆ ಹೆಣೆದು ತೆರೆಗೆ ಜೋಡಿಸಿದರೆ ಏನಾಗುವುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ದೊರೆಯಬೇಕಾದರೆ ಚಿತ್ರವು ತಂತಿಯೊಳಗೆ ಹೇಗೆ ಪಯಣಿಸುತ್ತದೆ ಎಂಬುದನ್ನು ತಿಳಿಯಬೇಕು. ಇಡೀ ಚಿತ್ರವು ಒಮ್ಮೆಗೇ ತಂತಿಯಲ್ಲಿ ಹರಿಯಲಾರದು. ಪುಸ್ತಕವನ್ನು ಓದುವಾತನು ಸಾಲುಸಾಲಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಕಣ್ಣು ಹಾಯಿಸುವಂತೆ ಕ್ಯಾಮೆರಾವು ದೃಶ್ಯವನ್ನು ಗೆರೆಗೆರೆಯಾಗಿ ಓದುತ್ತದೆ. ಭಾರತದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ದೂರದರ್ಶನ ಪ್ರಸಾರವು ಆರಂಭವಾದಾಗ ಅನುಸರಿಸಿದ ಕ್ರಮದಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಸೆಕೆಂಡಿಗೆ 25 ಚಿತ್ರಗಳು. ಒಂದೊಂದು ಗೆರೆಯನ್ನು ಓದಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷದ 64 ಭಾಗ ಮಾತ್ರ.

ಗೆರೆಯ ಮೇಲಿನ ಬೆಳಕು ಹೆಚ್ಚಿದಲ್ಲಿ ತಂತಿಯಲ್ಲಿನ ವಿದ್ಯುತ್ ಒತ್ತಡವು ಹೆಚ್ಚುತ್ತದೆ, ಕತ್ತಲಿರುವಲ್ಲಿ ತಗ್ಗುತ್ತದೆ. ಈ ಏರಿಳಿತವೇ ದೃಶ್ಯ ಸಂಕೇತ. ಆದರೆ ಗೆರೆ ಎಲ್ಲಿ ಮುಗಿಯಿತು, ಹೊಸ ಚಿತ್ರ ಎಲ್ಲಿ ಮೊದಲಾಯಿತು ಎಂಬುದನ್ನು ತೆರೆಯು ತಿಳಿಯುವುದು ಹೇಗೆ? ಅದಕ್ಕಾಗಿ ಪ್ರತಿಯೊಂದು ಗೆರೆಯ ಕೊನೆಗೂ, ಪ್ರತಿಯೊಂದು ಚಿತ್ರದ ಕೊನೆಗೂ ಒಂದು ಸನ್ನೆಯನ್ನು ಸೇರಿಸಿ ಕಳುಹಿಸಲಾಗುತ್ತದೆ. ಇದಕ್ಕೆ ಸಮಗತಿಯ ಸನ್ನೆ ಎನ್ನಬಹುದು. ಈ ಸನ್ನೆಗೆ ಸರಿಯಾಗಿ ತೆರೆಯು ತನ್ನ ಗೆರೆಗಳನ್ನು ಎಳೆಯುತ್ತದೆ. ಚಿತ್ರ ಮತ್ತು ಸನ್ನೆ ಎರಡೂ ಕೂಡಿದ ಇಡೀ ಸಂಕೇತದ ಒತ್ತಡ ಸುಮಾರು ಒಂದು ವೋಲ್ಟು ಮಾತ್ರ. ಬಹು ಮೃದುವಾದ ಸಂಕೇತವಿದು.

ಇನ್ನು ಎರಡು ಮೂಲಗಳ ತಂತಿಗಳನ್ನು ಹೆಣೆದರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವಲ್ಲ. ಎರಡು ಚಿತ್ರಗಳೂ ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ. ಅಷ್ಟೇ ಅಲ್ಲ, ಎರಡು ಮೂಲಗಳ ಸನ್ನೆಗಳು ಒಂದೇ ಕ್ಷಣದಲ್ಲಿ ಬರುವುದಿಲ್ಲ. ಒಂದು 'ಗೆರೆ ಮುಗಿಯಿತು' ಎನ್ನುವಾಗ ಇನ್ನೊಂದು ಗೆರೆಯ ನಡುವಿನಲ್ಲಿರುತ್ತದೆ. ಇಬ್ಬರು ಯಜಮಾನರ ಮಾತನ್ನು ಒಮ್ಮೆಗೇ ಕೇಳಬೇಕಾದ ಆಳಿನಂತೆ ತೆರೆಯು ಗೊಂದಲಕ್ಕೆ ಬೀಳುತ್ತದೆ. ಚಿತ್ರವು ಹರಿದು, ಓರೆಯಾಗಿ, ಮೇಲಕ್ಕೂ ಕೆಳಕ್ಕೂ ಉರುಳತೊಡಗುತ್ತದೆ. ಆದುದರಿಂದ ತೆರೆಗೆ ಒಂದು ಕಾಲಕ್ಕೆ ಒಂದೇ ಮೂಲ ಎಂಬ ನಿಯಮವನ್ನು ಮೀರುವಂತಿಲ್ಲ.

ಮೊದಮೊದಲಿನ ಸ್ವಿಚ್ಚುಗಳು ಬಹು ಸರಳವಾಗಿದ್ದುವು. ಲೋಹದ ಒಂದು ಚಲಿಸುವ ತುಂಡು ಹಲವು ಲೋಹದ ಬಿಂದುಗಳಲ್ಲಿ ಒಂದನ್ನು ಮಾತ್ರ ಮುಟ್ಟುವಂತೆ ಅವುಗಳ ರಚನೆ. ಪಂಕದ ವೇಗವನ್ನು ತಿರುಗುಗುಂಡಿಯಿಂದ ಬದಲಾಯಿಸುವಂತೆ ಇಲ್ಲಿಯೂ ಗುಂಡಿಯನ್ನು ತಿರುಗಿಸಿ ಮೂಲವನ್ನು ಬದಲಾಯಿಸಬಹುದು. ಆದರೆ ಲೋಹ ಲೋಹವನ್ನು ಉಜ್ಜುವಾಗ ಅದು ಸವೆಯುತ್ತದೆ, ಧೂಳು ಕೂರುತ್ತದೆ, ಮುಟ್ಟಿದ ಗಳಿಗೆಯಲ್ಲಿ ತುಂಡು ಸೂಕ್ಷ್ಮವಾಗಿ ಅದುರಿ ಚಿತ್ರ ಮಿಡುಕುತ್ತದೆ. ಟ್ರಾನ್ಸಿಸ್ಟರು ಬಳಕೆಗೆ ಬಂದ ಮೇಲೆ ಈ ಕೆಲಸಕ್ಕೆ ಚಲಿಸುವ ಲೋಹವೇ ಬೇಡವಾಯಿತು. ಟ್ರಾನ್ಸಿಸ್ಟರಿಗೆ ಅಲ್ಪ ವಿದ್ಯುತ್ ಸನ್ನೆ ಕೊಟ್ಟರೆ ಅದು ಬಾಗಿಲಿನಂತೆ ತೆರೆದುಕೊಂಡು ಸಂಕೇತಕ್ಕೆ ದಾರಿ ಬಿಡುತ್ತದೆ. ಸನ್ನೆ ನಿಂತೊಡನೆ ಮುಚ್ಚಿಕೊಳ್ಳುತ್ತದೆ. ಒಂದೊಂದು ಮೂಲಕ್ಕೂ ಇಂಥ ಒಂದೊಂದು ಬಾಗಿಲನ್ನು ಇರಿಸಿ, ಒಮ್ಮೆಗೆ ಒಂದೇ ತೆರೆಯುವಂತೆ ಮಾಡಿದರೆ ವಿದ್ಯುನ್ಮಾನ ಸ್ವಿಚ್ಚು ಸಿದ್ಧವಾಯಿತು.

ಬಾಗಿಲನ್ನು ಯಾವ ಕ್ಷಣದಲ್ಲಿ ತೆರೆಯಬೇಕು ಎಂಬುದೂ ಮುಖ್ಯವಾದ ಮಾತು. ಚಿತ್ರದ ನಡುವೆಯೇ ಒಂದು ಮೂಲವನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ತೆರೆಯ ಮೇಲ್ಭಾಗದಲ್ಲಿ ಹಳೆಯ ದೃಶ್ಯ, ಕೆಳಭಾಗದಲ್ಲಿ ಹೊಸ ದೃಶ್ಯ ಕಂಡು ಕಣ್ಣಿಗೆ ಕಿರಿಕಿರಿಯಾಗುವುದು. ಹಿಂದಿನ ಗಾಜಿನ ಕೊಳವೆಯ ತೆರೆಗಳಲ್ಲಿ ಇಲೆಕ್ಟ್ರಾನು ಕಿರಣವು ಕೆಳತುದಿಯನ್ನು ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಮರಳಬೇಕಾಗಿತ್ತು. ಆ ಮರಳುವ ಕಾಲದಲ್ಲಿ ತೆರೆಯ ಮೇಲೆ ಏನೂ ಮೂಡದಂತೆ ಕಿರಣವನ್ನು ಮರೆಮಾಡಲಾಗುತ್ತಿತ್ತು. 625 ಗೆರೆಗಳ ಕ್ರಮದಲ್ಲಿ ಒಂದು ಚಿತ್ರವನ್ನು ಎರಡು ಅರೆಚಿತ್ರಗಳಾಗಿ ಎಳೆಯುತ್ತಿದ್ದರು. ಒಂದೊಂದು ಅರೆಚಿತ್ರದ ಕೊನೆಗೂ 25 ಗೆರೆಗಳಷ್ಟು ಹೊತ್ತು, ಎಂದರೆ ಸೆಕೆಂಡಿನ ಸಾವಿರದ 1.6 ಭಾಗ, ಈ ಮರೆಯ ಕಾಲವಿತ್ತು. ಒಳ್ಳೆಯ ಸ್ವಿಚ್ಚು ಗುಂಡಿಯನ್ನು ಒತ್ತಿದೊಡನೆ ಮೂಲವನ್ನು ಬದಲಾಯಿಸುವುದಿಲ್ಲ. ಈ ಮರೆಯ ಗಳಿಗೆಗಾಗಿ ಕಾದಿದ್ದು, ಅದು ಬಂದಾಗ ಬದಲಾಯಿಸುತ್ತದೆ. ನೋಡುವವರ ಕಣ್ಣಿಗೆ ಬದಲಾವಣೆಯ ಗುರುತೇ ಕಾಣುವುದಿಲ್ಲ.

ಇದಕ್ಕೆ ಇನ್ನೊಂದು ಕಟ್ಟುಪಾಡೂ ಇದೆ. ಎಲ್ಲ ಮೂಲಗಳಲ್ಲಿಯೂ ಮರೆಯ ಗಳಿಗೆ ಒಂದೇ ಕಾಲಕ್ಕೆ ಬರಬೇಕು. ಮೇಳದಲ್ಲಿ ಹಾಡುವವರು, ವಾದ್ಯ ನುಡಿಸುವವರು ಎಷ್ಟೇ ಮಂದಿ ಇದ್ದರೂ ತಾಳ ಒಂದೇ ಆಗಿರಬೇಕಲ್ಲವೇ? ಅಂತೆಯೇ ದೂರದರ್ಶನದ ಕಾರ್ಯಾಗಾರದಲ್ಲಿ ತಾಳ ಹಾಕುವ ಒಂದು ಯಂತ್ರವಿರುತ್ತದೆ. ಅದು ಹೊರಡಿಸುವ ಸನ್ನೆಗೆ ಸರಿಯಾಗಿ ಎಲ್ಲ ಕ್ಯಾಮೆರಾಗಳೂ ಹೆಜ್ಜೆ ಹಾಕುತ್ತವೆ. ಅಲ್ಲಿನ ಸ್ವಿಚ್ಚಿನ ಮುಂದೆ ಕುಳಿತವರ ಎದುರಿಗೆ ಒಂದೊಂದು ಮೂಲಕ್ಕೂ ಒಂದೊಂದು ಚಿಕ್ಕ ತೆರೆಯಿರುತ್ತದೆ. ಅವರು ಎಲ್ಲವನ್ನೂ ನೋಡುತ್ತಾರೆ, ಹೋಲಿಸುತ್ತಾರೆ. ಆಮೇಲೆ ಒಂದನ್ನು ಪ್ರಸಾರಕ್ಕೆ ಬಿಡುತ್ತಾರೆ. ಮನೆಯಲ್ಲಿರುವ ವೀಕ್ಷಕನಿಗೆ ಕಾಣುವುದು ಹಾಗೆ ಆರಿಸಿ ಬಿಟ್ಟ ಒಂದು ಮಾತ್ರ.

ಹೀಗೆ ಆರಿಸುವವರ ಹೊಣೆ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಮಾನವನು ಚಂದ್ರನ ಮೇಲೆ ಮೊದಲ ಹೆಜ್ಜೆ ಇಟ್ಟ ದಿನವೇ ಒಳ್ಳೆಯ ನಿದರ್ಶನ. ಭಾರತೀಯ ಕಾಲಮಾನದಂತೆ 1969ರ ಜುಲೈ 21ರ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ ಅಮೆರಿಕದ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲವನ್ನು ಮೆಟ್ಟಿದನು. ಸುಮಾರು 60 ಕೋಟಿ ಜನರು ಆ ದೃಶ್ಯವನ್ನು ದೂರದರ್ಶನದಲ್ಲಿ ಕಂಡರೆಂದು ಅಂದಾಜು. ಭಾರತದಲ್ಲಿ ಆಗ ದೂರದರ್ಶನವು ದೆಹಲಿಯನ್ನು ಬಿಟ್ಟು ಬೇರೆಡೆಗೆ ಹಬ್ಬಿರಲಿಲ್ಲವಾಗಿ, ಇಲ್ಲಿನ ಬಹುಪಾಲು ಜನರು ಆ ಸುದ್ದಿಯನ್ನು ಆಕಾಶವಾಣಿಯಿಂದಲೂ ಪತ್ರಿಕೆಗಳಿಂದಲೂ ತಿಳಿದರು. ಆ ದೃಶ್ಯವು ಒಂದೇ ದಾರಿಯಿಂದ ಭೂಮಿಗೆ ಬಂದುದಲ್ಲ. ಮೂರು ದಾರಿಗಳಿಂದ ಬಂದ ಚಿತ್ರಗಳಲ್ಲಿ ಗಳಿಗೆ ಗಳಿಗೆಗೂ ಒಂದನ್ನು ಆರಿಸಿ ಲೋಕಕ್ಕೆ ತೋರಿಸಲಾಯಿತು.

ಚಂದ್ರನೌಕೆಯ ಪಕ್ಕದಲ್ಲಿ ಮಡಚಿಟ್ಟಿದ್ದ ಒಂದು ಹಲಗೆಯ ಮೇಲೆ ಚಿಕ್ಕ ಕ್ಯಾಮೆರಾವನ್ನು ಇರಿಸಲಾಗಿತ್ತು. ಆರ್ಮ್‌ಸ್ಟ್ರಾಂಗನು ಏಣಿಯನ್ನು ಇಳಿಯುವ ಮುನ್ನ ಹಿಡಿಯೊಂದನ್ನು ಎಳೆದಾಗ ಹಲಗೆ ಬಿಚ್ಚಿಕೊಂಡಿತು. ಒಳಗಿದ್ದ ಎಡ್ವಿನ್ ಆಲ್ಡ್ರಿನ್ ಕ್ಯಾಮೆರಾಕ್ಕೆ ವಿದ್ಯುತ್ತನ್ನು ಹರಿಸಿದನು. ಚಂದ್ರನಿಂದ ಭೂಮಿಗೆ ಕಳುಹಿಸಬಹುದಾದ ಸಂಕೇತಕ್ಕೆ ಮಿತಿಯಿದ್ದುದರಿಂದ ಆ ಕ್ಯಾಮೆರಾವು ಚಿತ್ರವೊಂದಕ್ಕೆ 320 ಗೆರೆಗಳನ್ನು ಮಾತ್ರ ಎಳೆಯುತ್ತಿತ್ತು. ಸೆಕೆಂಡಿಗೆ ಹತ್ತೇ ಚಿತ್ರಗಳು, ಅದೂ ಕಪ್ಪು ಬಿಳುಪಿನಲ್ಲಿ. ಅಮೆರಿಕದ ದೂರದರ್ಶನದ ಕ್ರಮವಾದರೋ 525 ಗೆರೆಗಳು, ಸೆಕೆಂಡಿಗೆ 30 ಚಿತ್ರಗಳು. ಆದುದರಿಂದ ಭೂಮಿಯಲ್ಲಿ ಸಂಕೇತವನ್ನು ಹಿಡಿದ ಮೇಲೆ ಅದನ್ನು ಪರಿವರ್ತಿಸಬೇಕಾಗಿತ್ತು. ವಿಶೇಷ ತೆರೆಯೊಂದರ ಮೇಲೆ ಮೂಡಿದ ಚಂದ್ರನ ಚಿತ್ರವನ್ನು ಸಾಮಾನ್ಯ ದೂರದರ್ಶನ ಕ್ಯಾಮೆರಾದಿಂದ ಮತ್ತೆ ಹಿಡಿದು, ಕಾಂತೀಯ ತಟ್ಟೆಯಲ್ಲಿ ಮುದ್ರಿಸಿ, ಒಂದೊಂದು ಚಿತ್ರವನ್ನೂ ಮೂರು ಚಿತ್ರಗಳ ಹೊತ್ತು ಮರಳಿ ಮರಳಿ ತೋರಿಸುವ ಯಂತ್ರಗಳು ಈ ಕೆಲಸವನ್ನು ಮಾಡಿದುವು.

ಸಂಕೇತವನ್ನು ಹಿಡಿಯಲು ಮೂರು ಕೇಂದ್ರಗಳು ಸಿದ್ಧವಾಗಿದ್ದುವು. ಒಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿನ ಗೋಲ್ಡ್‌ಸ್ಟೋನ್. ಅಲ್ಲಿನ ಆಂಟೆನಾ ತಟ್ಟೆಯ ಅಡ್ಡಳತೆ 64 ಮೀಟರು. ಇನ್ನೊಂದು, ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ಬಳಿಯ ಹನಿಸಕಲ್ ಕ್ರೀಕ್. ಅದರ ತಟ್ಟೆ 26 ಮೀಟರು. ಮೂರನೆಯದು ಅದೇ ದೇಶದ ಪಾರ್ಕ್ಸ್. ಅದರ ತಟ್ಟೆಯೂ 64 ಮೀಟರು. ಆಸ್ಟ್ರೇಲಿಯದ ಎರಡು ಕೇಂದ್ರಗಳ ಚಿತ್ರಗಳು ಸಿಡ್ನಿ ನಗರವನ್ನು ಸೇರುತ್ತಿದ್ದುವು. ಅಲ್ಲಿದ್ದ ಅಧಿಕಾರಿ ಎರಡರಲ್ಲಿ ಮೇಲಾದುದನ್ನು ಆರಿಸಿ, ಉಪಗ್ರಹದ ಮೂಲಕ ಅಮೆರಿಕದ ಹ್ಯೂಸ್ಟನ್ ನಗರದ ನಿಯಂತ್ರಣ ಕೇಂದ್ರಕ್ಕೆ ಕಳುಹಿಸುತ್ತಿದ್ದನು. ಹ್ಯೂಸ್ಟನ್ನಿನಲ್ಲಿ ಸಿಡ್ನಿಯ ಚಿತ್ರ, ಗೋಲ್ಡ್‌ಸ್ಟೋನಿನ ಚಿತ್ರ ಎರಡನ್ನೂ ಹೋಲಿಸಿ ಒಂದನ್ನು ಪ್ರಸಾರಕ್ಕೆ ಬಿಡುತ್ತಿದ್ದರು. ಒಂದರ ಹಿಂದೊಂದು ಇರಿಸಿದ ಎರಡು ಸ್ವಿಚ್ಚುಗಳಂತೆ ಈ ಏರ್ಪಾಡಿತ್ತು.

ಪ್ರಸಾರ ತೊಡಗಿದಾಗ ಹ್ಯೂಸ್ಟನ್ನಿನವರು ಮೊದಲು ಆರಿಸಿದುದು ಗೋಲ್ಡ್‌ಸ್ಟೋನಿನ ಚಿತ್ರವನ್ನು. ಅದು ತಲೆಕೆಳಗಾಗಿತ್ತು. ಹಲಗೆಯ ಮೇಲೆ ಸರಿಯಾಗಿ ಕೂರುವಂತೆ ಕ್ಯಾಮೆರಾವನ್ನು ತಲೆಕೆಳಗಾಗಿಯೇ ಇರಿಸಿದ್ದರು. ಭೂಮಿಯ ಪರಿವರ್ತಕ ಯಂತ್ರದಲ್ಲಿನ ಒಂದು ಸ್ವಿಚ್ಚನ್ನು ಒತ್ತಿ ಚಿತ್ರವನ್ನು ನೆಟ್ಟಗೆ ಮಾಡಿಕೊಳ್ಳಬೇಕಾಗಿತ್ತು. ಆ ದೋಷವು ಬೇಗನೆ ಸರಿಹೋಯಿತು. ಆದರೂ ಗೋಲ್ಡ್‌ಸ್ಟೋನಿನ ಚಿತ್ರದಲ್ಲಿ ಬೆಳಕು ನೆರಳುಗಳ ಅಂತರ ಅತಿಯಾಗಿತ್ತು. ಕತ್ತಲ ಭಾಗಗಳು ಮಸಿಯಂತೆ ಕಪ್ಪಾಗಿ, ಗಗನಯಾತ್ರಿಯ ಆಕೃತಿಯನ್ನು ಬಿಡಿಸಿ ನೋಡುವುದೇ ಕಷ್ಟವಾಗಿತ್ತು. ಪಾರ್ಕ್ಸಿನಲ್ಲಿ ಆ ಹೊತ್ತಿಗೆ ಚಂದ್ರನು ಇನ್ನೂ ಮೇಲಕ್ಕೆ ಬರುತ್ತಿದ್ದನು. ಅಲ್ಲಿನ ತಟ್ಟೆ ದಿಗಂತದಿಂದ 30 ಡಿಗ್ರಿಗಿಂತ ಕೆಳಕ್ಕೆ ಬಾಗಲಾರದು. ಸಾಲದುದಕ್ಕೆ ಆ ದಿನ ಗಂಟೆಗೆ 110 ಕಿಲೋಮೀಟರು ವೇಗದ ಬಿರುಗಾಳಿ ಬೀಸಿ ಆ ಭಾರಿ ತಟ್ಟೆಗೆ ಅಪ್ಪಳಿಸಿತ್ತು.

ಆರ್ಮ್‌ಸ್ಟ್ರಾಂಗನು ಏಣಿಯ ಕೆಳಗಿನ ಮೆಟ್ಟಿಲಲ್ಲಿದ್ದನು. ಇನ್ನು ಕಾಯುವಂತಿರಲಿಲ್ಲ. ಆ ಹೆಜ್ಜೆಯನ್ನು ಮತ್ತೊಮ್ಮೆ ಇಡಿಸಿ ತೋರಿಸಲು ಯಾರಿಂದಲೂ ಆಗದು. ಮೂರರಲ್ಲಿ ಅತಿ ಚಿಕ್ಕ ತಟ್ಟೆಯಿದ್ದ ಹನಿಸಕಲ್ ಕ್ರೀಕಿನ ಚಿತ್ರವು ಆ ಗಳಿಗೆಯಲ್ಲಿ ನಿಚ್ಚಳವಾಗಿತ್ತು. ಹ್ಯೂಸ್ಟನ್ನಿನವರು ಅದಕ್ಕೆ ಬದಲಾಯಿಸಿದರು. ಚಂದ್ರನ ನೆಲದ ಮೇಲಿನ ಮೊದಲ ಹೆಜ್ಜೆಯನ್ನು ಲೋಕವು ಕಂಡುದು ಆ 26 ಮೀಟರಿನ ತಟ್ಟೆಯ ಮೂಲಕ. ಪ್ರಸಾರ ಆರಂಭವಾಗಿ ಸುಮಾರು ಒಂಬತ್ತು ನಿಮಿಷಗಳಾಗುವ ಹೊತ್ತಿಗೆ ಪಾರ್ಕ್ಸಿನ ತಟ್ಟೆಯ ಮುಖ್ಯ ನೋಟದೊಳಕ್ಕೆ ಚಂದ್ರನು ಬಂದನು. ಅದರ ಚಿತ್ರ ಇನ್ನೂ ಉತ್ತಮವಾಗಿತ್ತು. ಕೂಡಲೇ ಅದನ್ನು ಆರಿಸಲಾಯಿತು. ಸುಮಾರು ಎರಡೂವರೆ ಗಂಟೆಗಳ ಆ ಪ್ರಸಾರದ ಉಳಿದ ಭಾಗವೆಲ್ಲವೂ ಪಾರ್ಕ್ಸಿನ ಮೂಲಕವೇ ನಡೆಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶವೊಂದಿದೆ. ದೊಡ್ಡ ತಟ್ಟೆಯ ಚಿತ್ರವೇ ಉತ್ತಮವಾಗಿರುವುದೆಂಬ ನಂಬಿಕೆಯಿಂದ ಗೋಲ್ಡ್‌ಸ್ಟೋನನ್ನೇ ಹಿಡಿದು ಕುಳಿತಿದ್ದರೆ ಆ ಐತಿಹಾಸಿಕ ಹೆಜ್ಜೆಯು ಕಪ್ಪು ಮಬ್ಬಿನಲ್ಲಿ ಕರಗಿಹೋಗುತ್ತಿತ್ತು. ಆರಿಸುವವರು ಮೂಲದ ಹಿರಿಮೆಯನ್ನು ನೋಡಲಿಲ್ಲ. ಎದುರಿಗಿದ್ದ ಚಿತ್ರವನ್ನು ನೋಡಿದರು. ಮೂರು ಮೂಲಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದುದರಿಂದಲೇ ಅವರಿಗೆ ಆಯ್ಕೆಗೆ ಅವಕಾಶವಿತ್ತು. ಒಂದೇ ಮೂಲವನ್ನು ನಂಬಿದವರಿಗೆ ಸ್ವಿಚ್ಚಿನಿಂದ ಪ್ರಯೋಜನವಿಲ್ಲ.

ಅಂದಿನಿಂದ ಇಂದಿನವರೆಗೆ ದೃಶ್ಯ ಸಂಕೇತದ ರೂಪವು ಬಹಳವಾಗಿ ಮಾರ್ಪಟ್ಟಿದೆ. ಏರಿಳಿಯುವ ವಿದ್ಯುತ್ ಒತ್ತಡದ ಸ್ಥಾನದಲ್ಲಿ ಈಗ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲು ಹರಿಯುತ್ತದೆ. ಇದನ್ನೇ ಡಿಜಿಟಲ್ ಸಂಕೇತ ಎನ್ನುವರು. ಈಗಿನ ತೆರೆಯೊಂದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿವೆ ಎಂದುಕೊಳ್ಳೋಣ. ಒಟ್ಟು 20 ಲಕ್ಷದ 73 ಸಾವಿರದ 600 ಬಿಂದುಗಳಾದುವು. ಒಂದೊಂದು ಬಿಂದುವಿನ ಬಣ್ಣವನ್ನು ತಿಳಿಸಲು 24 ಅಂಕಿಗಳು ಬೇಕು. ಸೆಕೆಂಡಿಗೆ 60 ಚಿತ್ರಗಳಾದರೆ ಪ್ರತಿ ಸೆಕೆಂಡಿಗೂ 298 ಕೋಟಿಗಿಂತ ಹೆಚ್ಚು ಅಂಕಿಗಳು ತಂತಿಯಲ್ಲಿ ಹರಿದುಹೋಗಬೇಕು. ಈ ಮಹಾಪ್ರವಾಹವನ್ನು ಒಂದೂ ಚೆಲ್ಲದಂತೆ ಸಾಗಿಸುವ ಬಾಗಿಲುಗಳು ಇಂದಿನ ಸ್ವಿಚ್ಚಿನೊಳಗೆ ಉಗುರಿನಷ್ಟು ಅಗಲದ ಸಿಲಿಕಾನು ಬಿಲ್ಲೆಯಲ್ಲಿ ಅಡಗಿವೆ.

ಇಂದು ತೆರೆಗಳಿಗೆ ಉಪಕರಣಗಳನ್ನು ಜೋಡಿಸಲು ಹೆಚ್ಚಾಗಿ ಬಳಕೆಯಲ್ಲಿರುವುದು 2002ರಲ್ಲಿ ರೂಪುಗೊಂಡ ಎಚ್.ಡಿ.ಎಂ.ಐ. ಎಂಬ ಕ್ರಮ. ಅದರ ಸಾಮಾನ್ಯ ತಂತಿಯ ತುದಿಯಲ್ಲಿ 19 ಲೋಹದ ಸಂಪರ್ಕಗಳಿವೆ. ಅವುಗಳಲ್ಲಿ ಹೆಚ್ಚಿನವು ಚಿತ್ರ ಮತ್ತು ಧ್ವನಿಯನ್ನು ಒಯ್ಯುತ್ತವೆ. ಉಳಿದ ಕೆಲವು ಬೇರೊಂದು ಕೆಲಸಕ್ಕೆ ಮೀಸಲು. ತಂತಿಯನ್ನು ಚುಚ್ಚಿದೊಡನೆ ತೆರೆಯು 'ನಾನಿಲ್ಲಿದ್ದೇನೆ' ಎಂದು ಒಂದು ಸಂಪರ್ಕದ ಮೂಲಕ ಮೂಲಕ್ಕೆ ತಿಳಿಸುತ್ತದೆ. ಆಗ ಮೂಲವು ತೆರೆಯ ಪರಿಚಯಪತ್ರವನ್ನು ಕೇಳಿ ಓದುತ್ತದೆ. ತೆರೆಯನ್ನು ತಯಾರಿಸಿದವರು ಯಾರು, ಅದರಲ್ಲಿ ಎಷ್ಟು ಬಿಂದುಗಳಿವೆ, ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ತೋರಿಸಬಲ್ಲದು ಎಂಬ ವಿವರಗಳು ಆ ಪತ್ರದಲ್ಲಿರುತ್ತವೆ. ಅದನ್ನು ತಿಳಿದ ಮೇಲೆ, ತೆರೆಗೆ ತಾಳಿಕೆಯಾಗುವ ಚಿತ್ರವನ್ನೇ ಮೂಲವು ಕಳುಹಿಸತೊಡಗುತ್ತದೆ. ನಕಲು ಮಾಡದಂತೆ ಕಾಪಾಡಿದ ಚಲನಚಿತ್ರವಾದರೆ ಎರಡೂ ಕಡೆಯ ಉಪಕರಣಗಳು ಪರಸ್ಪರ ಗುಪ್ತ ಸಂಖ್ಯೆಗಳನ್ನು ಪರೀಕ್ಷಿಸಿ ನೋಡುವುದೂ ಉಂಟು.

ಹೀಗಿರುವುದರಿಂದ ಈಗಿನ ಸ್ವಿಚ್ಚು ಬರಿಯ ಬಾಗಿಲಾಗಿದ್ದರೆ ಸಾಲದು, ಅದು ನಡುವಣ ದೂತನೂ ಆಗಬೇಕು. ಗುಂಡಿಯನ್ನು ಒತ್ತಿ ಮೂಲವನ್ನು ಬದಲಾಯಿಸಿದಾಗ ತೆರೆಯು ಒಂದೆರಡು ಸೆಕೆಂಡು ಕಪ್ಪಾಗುವುದನ್ನು ಕಂಡು ಹಲವರು ಯಂತ್ರವು ಕೆಟ್ಟಿತೆಂದು ಗಾಬರಿಗೊಳ್ಳುತ್ತಾರೆ. ಅದು ಕೆಟ್ಟದ್ದರ ಗುರುತಲ್ಲ. ಹೊಸ ಮೂಲವೂ ತೆರೆಯೂ ಪರಸ್ಪರ ಪರಿಚಯ ಮಾಡಿಕೊಳ್ಳುತ್ತಿರುವ ಗಳಿಗೆಯದು. ಅಲ್ಲದೆ, ಮನೆಯ ಉಪಕರಣಗಳಿಗೆ ಕಾರ್ಯಾಗಾರದಲ್ಲಿರುವಂತೆ ತಾಳ ಹಾಕುವ ಯಂತ್ರವಿಲ್ಲ. ಒಂದೊಂದೂ ತನ್ನದೇ ಗತಿಯಲ್ಲಿ ನಡೆಯುತ್ತದೆ. ತೆರೆಯು ಹೊಸ ಗತಿಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕು. ಕೆಲವು ಉತ್ತಮ ಸ್ವಿಚ್ಚುಗಳು ತೆರೆಯ ಪರಿಚಯಪತ್ರದ ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ಎಲ್ಲ ಮೂಲಗಳನ್ನೂ ಸದಾ ಎಚ್ಚರವಾಗಿರಿಸುತ್ತವೆ. ಇನ್ನು ಕೆಲವು ಪ್ರತಿ ಮೂಲದ ಚಿತ್ರವನ್ನೂ ತಮ್ಮ ನೆನಪಿನ ಕೋಶದಲ್ಲಿ ಹಿಡಿದಿಟ್ಟು, ತಮ್ಮದೇ ಗತಿಯಲ್ಲಿ ತೆರೆಗೆ ಕಳುಹಿಸುತ್ತವೆ. ಇಂಥವುಗಳಲ್ಲಿ ಕತ್ತಲೆಯೇ ಕಾಣುವುದಿಲ್ಲ. ಆದರೆ ಬೆಲೆ ಹೆಚ್ಚು.

ಸ್ವಿಚ್ಚನ್ನು ಹೋಲುವ ಬೇರೆ ಎರಡು ಸಾಧನಗಳಿವೆ. ಅವುಗಳ ಭೇದವನ್ನು ತಿಳಿಯದೆ ಕೊಂಡು ತಂದು ಪೇಚಾಡುವವರೂ ಉಂಟು. ಒಂದೇ ಮೂಲದ ಚಿತ್ರವನ್ನು ಹಲವು ತೆರೆಗಳಿಗೆ ಹಂಚುವ ಸಾಧನಕ್ಕೆ ವಿಭಾಜಕ ಎಂದು ಹೆಸರು. ನಾಲ್ಕು ಕೊಠಡಿಗಳ ನಾಲ್ಕು ತೆರೆಗಳಲ್ಲಿ ಒಂದೇ ಪಾಠ ಕಾಣಬೇಕಾದರೆ ಬೇಕಾಗುವುದು ಇದು. ಇದರಿಂದ ಸ್ವಿಚ್ಚಿನ ಕೆಲಸ ಸಾಧ್ಯವಿಲ್ಲ. ಸ್ವಿಚ್ಚಿನಿಂದ ಇದರ ಕೆಲಸವೂ ಆಗದು. ಹಲವು ಮೂಲಗಳಲ್ಲಿ ಯಾವುದನ್ನು ಬೇಕಾದರೂ ಹಲವು ತೆರೆಗಳಲ್ಲಿ ಯಾವುದಕ್ಕೆ ಬೇಕಾದರೂ ಕಳುಹಿಸಬಲ್ಲ ಸಾಧನವು ಮೂರನೆಯದು. ಮಗ್ಗದಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಹಾಯುವಂತೆ ಅದರೊಳಗೆ ಮೂಲದ ದಾರಿಗಳೂ ತೆರೆಯ ದಾರಿಗಳೂ ಅಡ್ಡಹಾಯುತ್ತವೆ. ಹಾಯುವ ಒಂದೊಂದು ಜಾಗದಲ್ಲಿಯೂ ಒಂದು ಬಾಗಿಲಿರುತ್ತದೆ. ಎಂಟು ಮೂಲ, ಎಂಟು ತೆರೆಗಳಿದ್ದರೆ 64 ಬಾಗಿಲುಗಳು. ಪ್ರಸಾರ ಕೇಂದ್ರಗಳಲ್ಲಿ ಇಂಥ ಸಾಧನಗಳು ಬಳಕೆಯಲ್ಲಿವೆ.

ಸ್ವಿಚ್ಚನ್ನು ಬಳಸುವವರು ಮರೆಯಬಾರದ ಕೆಲವು ವಿಷಯಗಳಿವೆ. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯ ಬಲದಷ್ಟೇ. ಮೂಲ, ತಂತಿ, ಸ್ವಿಚ್ಚು, ತೆರೆ ಇವುಗಳಲ್ಲಿ ಯಾವುದೊಂದು ಕಡಿಮೆ ಸಾಮರ್ಥ್ಯದ್ದಾದರೂ ಚಿತ್ರವು ಆ ಮಟ್ಟಕ್ಕೆ ಇಳಿಯುವುದು, ಇಲ್ಲವೇ ಮೂಡದೆಯೇ ಹೋಗುವುದು. ತಂತಿ ಉದ್ದವಾದಷ್ಟೂ ಸಂಕೇತ ಕ್ಷೀಣಿಸುವುದರಿಂದ ಬೇಕಾದುದಕ್ಕಿಂತ ಉದ್ದದ ತಂತಿಯನ್ನು ಬಳಸಬಾರದು. ಕೆಲವು ಸ್ವಿಚ್ಚುಗಳು ಹೊಸದಾಗಿ ಎಚ್ಚೆತ್ತ ಮೂಲವನ್ನು ತಾವಾಗಿಯೇ ಆರಿಸಿಬಿಡುತ್ತವೆ. ಮನೆಯಲ್ಲಿ ಇದು ಅನುಕೂಲ. ಆದರೆ ಸಭೆಯ ನಡುವೆ ಯಾರೋ ಒಂದು ಉಪಕರಣವನ್ನು ಚಾಲನೆ ಮಾಡಿದೊಡನೆ ಭಾಷಣಕಾರರ ಚಿತ್ರಪಟ ಮಾಯವಾದರೆ ಅದೇ ತೊಂದರೆ. ಅಂಥ ಕಡೆಗಳಲ್ಲಿ ಆಯ್ಕೆಯನ್ನು ಯಂತ್ರಕ್ಕೆ ಬಿಡದೆ ಮನುಷ್ಯನ ಕೈಯಲ್ಲಿಯೇ ಇರಿಸಿಕೊಳ್ಳುವುದು ಲೇಸು.

ಮನುಷ್ಯನು ಮಾಡುವ ಈ ಆಯ್ಕೆಯನ್ನು ಕನ್ನಡನಾಡಿನ ಜನರು ತೀರ ಹತ್ತಿರದಿಂದ ಕಂಡ ದಿನವೊಂದಿದೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಭಾರತದ ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತು. ಅದರ ನಿಯಂತ್ರಣ ನಡೆದುದು ಬೆಂಗಳೂರಿನ ಇಸ್ರೋ ಕೇಂದ್ರದಿಂದ. ದೇಶದ ಕೋಟ್ಯಂತರ ಜನರು ತೆರೆಗಳ ಮುಂದೆ ಕುಳಿತಿದ್ದರು. ಅವರ ತೆರೆಯ ಮೇಲೆ ಒಮ್ಮೆ ನಿಯಂತ್ರಣ ಕೊಠಡಿಯ ವಿಜ್ಞಾನಿಗಳ ಆತಂಕದ ಮುಖಗಳು, ಒಮ್ಮೆ ನೌಕೆಯ ಎತ್ತರ ಮತ್ತು ವೇಗಗಳ ಅಂಕಿಗಳು, ಒಮ್ಮೆ ದಕ್ಷಿಣ ಆಫ್ರಿಕದಲ್ಲಿದ್ದ ಪ್ರಧಾನಮಂತ್ರಿಗಳು ಕಾಣಿಸಿಕೊಂಡರು. ಅದೇ ತೆರೆಯಲ್ಲಿ ನೌಕೆಯು ಚಂದ್ರನತ್ತ ಇಳಿಯುವ ದೃಶ್ಯವೂ ಕಂಡಿತು. ಆ ದೃಶ್ಯವನ್ನು ಯಾವ ಕ್ಯಾಮೆರಾವೂ ತೆಗೆದಿರಲಿಲ್ಲ. ನೌಕೆಯ ಇಳಿತವನ್ನು ಜನರಿಗೆ ಮನಗಾಣಿಸಲು ಗಣಕಯಂತ್ರವು ಬರೆದ ಚಿತ್ರ ಅದಾಗಿತ್ತು. ನೌಕೆಯ ಕ್ಯಾಮೆರಾಗಳು ತೆಗೆದ ನಿಜವಾದ ಚಿತ್ರಗಳನ್ನು ಇಸ್ರೋ ಆಮೇಲೆ ಪ್ರಕಟಿಸಿತು.

ಇದರಲ್ಲಿ ಮೋಸವೇನೂ ಇಲ್ಲ. ಬರೆದ ಚಿತ್ರಕ್ಕೂ ತೆಗೆದ ಚಿತ್ರಕ್ಕೂ ತಮ್ಮ ತಮ್ಮ ಪ್ರಯೋಜನವಿದೆ. ಆದರೆ ಎರಡೂ ಒಂದೇ ತೆರೆಯ ಮೇಲೆ, ಒಂದೇ ಹೊಳಪಿನಿಂದ, ಒಂದರ ಬೆನ್ನಿಗೊಂದು ಬಂದಾಗ ನೋಡುವವನಿಗೆ ಅವುಗಳ ಭೇದ ತಾನಾಗಿ ತಿಳಿಯದು. ಸ್ವಿಚ್ಚಿನ ಕೆಲಸ ಎಷ್ಟು ನಯವಾಗಿ ನಡೆಯುವುದೋ ಅಷ್ಟಕ್ಕಷ್ಟು ಅದು ಮರೆಯಾಗಿರುತ್ತದೆ. ಮೂಲಗಳು ಹಲವಿದ್ದುವು ಎಂಬುದೇ ನೋಡುವವನಿಗೆ ಮರೆತುಹೋಗುತ್ತದೆ. ಆದುದರಿಂದ ಈ ಚಿತ್ರ ಎಲ್ಲಿಂದ ಬಂದುದು, ಇದನ್ನು ಆರಿಸಿದವರು ಯಾರು, ಇದಕ್ಕಾಗಿ ಬಿಟ್ಟುಬಿಟ್ಟ ಚಿತ್ರಗಳು ಯಾವುವು ಎಂದು ಕೇಳಿಕೊಳ್ಳುವ ಅಭ್ಯಾಸ ತೆರೆಯ ಮುಂದೆ ಕುಳಿತವರಿಗೆಲ್ಲ ಅವಶ್ಯಕ.

ವಿಡಿಯೋ ಸ್ವಿಚ್ಚು ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಪೆಟ್ಟಿಗೆ. ಶಾಲೆಯ ಸಭಾಂಗಣದ ಮೇಜಿನ ಮೂಲೆಯಲ್ಲಿ ಅದು ಯಾರ ಕಣ್ಣಿಗೂ ಬೀಳದಂತೆ ಕುಳಿತಿರುತ್ತದೆ. ಬಾಗಿಲನ್ನು ತೆರೆಯುವುದು, ಮುಚ್ಚುವುದು, ತೆರೆಯ ಪರಿಚಯವನ್ನು ಮೂಲಕ್ಕೆ ತಲುಪಿಸುವುದು ಇಷ್ಟನ್ನು ಅದು ತಪ್ಪದೆ ಮಾಡಬಲ್ಲದು. ಇರುವ ಮೂಲಗಳಲ್ಲಿ ಈ ಗಳಿಗೆಗೆ ತೋರಿಸತಕ್ಕದ್ದು ಯಾವುದು ಎಂಬುದನ್ನು ಮಾತ್ರ ಅದು ತಿಳಿಯದು. 1969ರಲ್ಲಿ ಹ್ಯೂಸ್ಟನ್ನಿನ ಕೊಠಡಿಯಲ್ಲಿ ಕುಳಿತವರಂತೆ, ಎಲ್ಲವನ್ನೂ ನೋಡಿ, ಹೋಲಿಸಿ, ಹೊತ್ತು ಮೀರುವ ಮುನ್ನ ತೀರ್ಮಾನಿಸುವ ವಿವೇಕವು ಗುಂಡಿಯ ಮೇಲಿರುವ ಬೆರಳಿನ ಹಿಂದೆ ಇರಬೇಕು.